ಸತ್ತವರ ಮನೆಗಳು: ನೈಲ್ ದಂಡೆಯಿಂದ ತುಂಗಭದ್ರೆಯವರೆಗೆ

ಪ್ರಾಚೀನ ನಾಗರಿಕತೆಗಳ ಪಾಠ ಬಂತೆಂದರೆ ಶಾಲಾ ಮಕ್ಕಳಿಗೆ ಈಜಿಪ್ಟಿನ ಪ್ರಾಜೆಕ್ಟ್ ತಪ್ಪಿದ್ದಲ್ಲ. ಥರ್ಮೋಕೋಲಿನ ಪಿರಮಿಡ್, ರಟ್ಟಿನ ಪೆಟ್ಟಿಗೆಯಲ್ಲಿ ಬ್ಯಾಂಡೇಜು ಸುತ್ತಿದ ಗೊಂಬೆ, ಜೇಡಿಮಣ್ಣಿನ ನಾಲ್ಕು ಪುಟ್ಟ ಭರಣಿ, ಪಕ್ಕದಲ್ಲಿ ಸ್ಕೆಚ್ ಪೆನ್ನಿನಿಂದ ಬರೆದ ಚಾರ್ಟು. ದಾವಣಗೆರೆ ಜಿಲ್ಲೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಂಥ ಊರಿನ ಮಗುವಿಗೂ ಮಮ್ಮಿ ಮಾಡುವ ಕ್ರಮ ಬಾಯಿಪಾಠವಾಗಿರುತ್ತದೆ. ಆದರೆ ಅದೇ ಊರಿನಿಂದ ಹೊನ್ನಾಳಿ ದಾಟಿ ಹೊಳೆಯ ಹರಿವಿನಗುಂಟ ಒಂದು ದಿನ ನಡೆದರೆ, ಮೂರೂವರೆ ಸಾವಿರ ವರ್ಷಗಳ ಹಿಂದೆ ಜನ ತಮ್ಮ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದ ನೆಲವೊಂದು ಸಿಗುತ್ತದೆ. ಅದು ಸಾಮಾನ್ಯವಾಗಿ ಯಾವ ಚಾರ್ಟಿನ ಮೇಲೂ ಇರುವುದಿಲ್ಲ.

ಇದಕ್ಕೆ ಕಾರಣ ಸರಳವಾಗಿದೆ. ಈಜಿಪ್ಟಿನವರು ಸಾವಿನ ಬಗ್ಗೆ ಗೋಡೆಯ ಮೇಲೆ, ಪೆಟ್ಟಿಗೆಯ ಮೇಲೆ, ಪಪೈರಸ್ ಸುರುಳಿಯ ಮೇಲೆ ಬರೆದಿಟ್ಟರು. ತುಂಗಭದ್ರೆಯ ದಂಡೆಯ ಅಂದಿನ ಜನಕ್ಕೆ ಬರಹ ತಿಳಿದಿರಲಿಲ್ಲ. ಬರೆದಿಟ್ಟವರ ಕಥೆ ಜಗತ್ತಿನ ಪಠ್ಯಪುಸ್ತಕಗಳಿಗೆ ಹೋಯಿತು. ಬರೆಯದವರ ಕಥೆ ಮಣ್ಣಿನಲ್ಲೇ ಉಳಿಯಿತು. ಆ ಮಣ್ಣೂ ಈಗ ಮೊದಲಿನಂತೆ ಉಳಿದಿಲ್ಲ ಎಂಬುದೇ ಚಿಂತೆಯ ಸಂಗತಿ.

ಎಪ್ಪತ್ತು ದಿನದ ಕೆಲಸ

ಈಜಿಪ್ಟಿನ ಮೊದಲ ಮಮ್ಮಿಗಳನ್ನು ಮಾಡಿದ್ದು ಮನುಷ್ಯರಲ್ಲ, ಮರಳು. ಕ್ರಿ.ಪೂ. 3000ಕ್ಕೂ ಹಿಂದೆ ಅಲ್ಲಿಯ ಜನ ಶವವನ್ನು ಮಡಿಸಿ ಮರುಭೂಮಿಯ ಗುಂಡಿಯಲ್ಲಿ ಹೂಳುತ್ತಿದ್ದರು. ಕಾದ ಮರಳು ದೇಹದ ನೀರನ್ನೆಲ್ಲ ಹೀರಿಕೊಳ್ಳುತ್ತಿತ್ತು. ಚರ್ಮ, ಕೂದಲು ಹಾಗೆಯೇ ಉಳಿಯುತ್ತಿದ್ದವು. ಮುಂದೆ ಸಿರಿವಂತರಿಗೆ ಪೆಟ್ಟಿಗೆ, ಕಲ್ಲಿನ ಕೋಣೆಗಳು ಬಂದವು. ಮರಳಿನ ಸಂಪರ್ಕ ತಪ್ಪಿದ ದೇಹ ಕೊಳೆಯತೊಡಗಿತು. ಪ್ರಕೃತಿ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಆಗ ಕೈಯಿಂದ ಮಾಡಬೇಕಾಯಿತು.

ಈ ವಿದ್ಯೆ ಪಕ್ವವಾದ ಕಾಲದಲ್ಲಿ ಇಡೀ ಕ್ರಿಯೆಗೆ 70 ದಿನ ಹಿಡಿಯುತ್ತಿತ್ತು. ಮೂಗಿನ ಮೂಲಕ ಕೊಕ್ಕೆ ಹಾಕಿ ಮಿದುಳನ್ನು ತೆಗೆಯುತ್ತಿದ್ದರು. ಪಕ್ಕೆಯಲ್ಲಿ ಸೀಳಿ ಪಿತ್ತಜನಕಾಂಗ, ಶ್ವಾಸಕೋಶ, ಜಠರ ಮತ್ತು ಕರುಳನ್ನು ಹೊರತೆಗೆದು ನಾಲ್ಕು ಭರಣಿಗಳಲ್ಲಿ ಇಡುತ್ತಿದ್ದರು. ದೇಹವನ್ನು ಸುಮಾರು 40 ದಿನ ನೇಟ್ರನ್ ಎಂಬ ಸೋಡಾ ಉಪ್ಪಿನಲ್ಲಿ ಹುದುಗಿಸಿ ಒಣಗಿಸುತ್ತಿದ್ದರು. ಆಮೇಲೆ ಎಣ್ಣೆ, ಅಂಟು, ನಾರುಬಟ್ಟೆಯ ಸುತ್ತು. ಹೃದಯವನ್ನು ಮಾತ್ರ ದೇಹದೊಳಗೇ ಬಿಡುತ್ತಿದ್ದರು. ಪರಲೋಕದ ನ್ಯಾಯಸ್ಥಾನದಲ್ಲಿ ಅದನ್ನು ಸತ್ಯದ ದೇವತೆ ಮಾತ್‌ಳ ಗರಿಯೊಂದಿಗೆ ತಕ್ಕಡಿಯಲ್ಲಿ ತೂಗುತ್ತಾರೆಂಬ ನಂಬಿಕೆ ಅವರದು. ಹೃದಯ ಪಾಪದಿಂದ ಭಾರವಾಗಿದ್ದರೆ ಮೊಸಳೆಯ ಮೋರೆಯ ಅಮ್ಮಿತ್ ಅದನ್ನು ನುಂಗುತ್ತಿತ್ತು.

ಸತ್ತವರಿಗೆ ಹಸಿವಿದೆ ಎಂಬ ನಂಬಿಕೆಯೂ ಇತ್ತು. ಹಳೆಯ ಗೋರಿಗಳ ಗೋಡೆಯಲ್ಲಿ ಕಲ್ಲಿನಲ್ಲೇ ಕೆತ್ತಿದ ಸುಳ್ಳು ಬಾಗಿಲೊಂದಿರುತ್ತದೆ. ಅದರ ಮುಂದೆ ರೊಟ್ಟಿ, ಮಾಂಸ, ಬಾರ್ಲಿಯ ಮದ್ಯ ಇಡುತ್ತಿದ್ದರು. ತೆರೆಯದ ಆ ಬಾಗಿಲಿನಿಂದ ಸತ್ತವನ ಚೇತನ ಬಂದು ಉಣ್ಣುತ್ತದೆ ಎಂದು ತಿಳಿದಿದ್ದರು. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ದಕ್ಷಿಣ ಭಾರತದ ಪದಾರ್ಥವೊಂದು ಈ ಕ್ರಿಯೆಯಲ್ಲಿ ಸೇರಿಕೊಂಡದ್ದೂ ಉಂಟು. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಇಮ್ಮಡಿ ರಾಮ್ಸೆಸ್‌ನ ಮಮ್ಮಿಗೆ ಬೂಷ್ಟು ಹಿಡಿದಾಗ ಅದನ್ನು 1976ರಲ್ಲಿ ಚಿಕಿತ್ಸೆಗಾಗಿ ಪ್ಯಾರಿಸ್‌ಗೆ ಒಯ್ಯಲಾಯಿತು. ಪರೀಕ್ಷೆ ನಡೆಸಿದವರಿಗೆ ದೊರೆಯ ಮೂಗಿನಲ್ಲಿ ಕಂಡದ್ದು ಕರಿಮೆಣಸಿನ ಕಾಳುಗಳು. ಕರಿಮೆಣಸಿನ ತವರು ಪಶ್ಚಿಮ ಘಟ್ಟದ ಮಳೆಕಾಡು. ಎಷ್ಟು ಕೈ ದಾಟಿ ಆ ಕಾಳು ನೈಲ್ ದಂಡೆ ಸೇರಿತೋ, ಅಂತೂ ಸೇರಿತ್ತು.

ನೆಲದಡಿಯ ಕೂಸುಗಳು

ಇಷ್ಟೆಲ್ಲ ವೈಭವ ದೊರೆಗಳಿಗೆ ಮತ್ತು ಸಿರಿವಂತರಿಗೆ ಸೇರಿದ್ದು. ಪಿರಮಿಡ್ಡಿಗೆ ಕಲ್ಲು ಎಳೆದವರ ಮನೆಯಲ್ಲಿ ಸಾವಾದಾಗ ಏನು ಮಾಡುತ್ತಿದ್ದರು? ಪ್ರಾಜೆಕ್ಟುಗಳಲ್ಲಿ ಹೆಚ್ಚಾಗಿ ಕಾಣಿಸದ ಪ್ರಶ್ನೆ ಇದು.

ಇದಕ್ಕೆ ಉತ್ತರ ಸಿಕ್ಕಿದ್ದು ಕಹುನ್ ಎಂಬಲ್ಲಿ. ಕ್ರಿ.ಪೂ. 19ನೇ ಶತಮಾನದಲ್ಲಿ ಇಮ್ಮಡಿ ಸೆನುಸ್ರೆತ್ ದೊರೆಯ ಪಿರಮಿಡ್ ಕೆಲಸಕ್ಕೆಂದು ಕಟ್ಟಿದ ಊರದು. ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೀಟ್ರಿ 1889ರಲ್ಲಿ ಅಲ್ಲಿ ಉತ್ಖನನ ಮಾಡಿದಾಗ ಮನೆಗಳ ನೆಲದ ಕೆಳಗೆ ಮರದ ಪೆಟ್ಟಿಗೆಗಳು ಸಿಕ್ಕವು. ಒಳಗೆ ಕೆಲವೇ ತಿಂಗಳ ಹಸುಗೂಸುಗಳು. ಪೆಟ್ಟಿಗೆಗಳು ಶವಕ್ಕೆಂದು ಮಾಡಿದವಲ್ಲ, ಮನೆಯ ಬಳಕೆಯವು. ರಾಜರ ಗೋರಿಗಳನ್ನು ಕೊರೆಯುತ್ತಿದ್ದ ಕುಶಲಕರ್ಮಿಗಳ ಊರಾದ ದೇರ್ ಎಲ್ ಮದೀನಾದ ಸ್ಮಶಾನದಲ್ಲೂ ಮಕ್ಕಳನ್ನು ಹೂಜಿಗಳಲ್ಲಿ, ಬುಟ್ಟಿಗಳಲ್ಲಿ ಇಟ್ಟು ಹೂತಿರುವುದು ಕಂಡುಬಂದಿದೆ.

ಅರಮನೆಗೂ ಈ ದುಃಖ ತಪ್ಪಿರಲಿಲ್ಲ. ಹೊವಾರ್ಡ್ ಕಾರ್ಟರ್ 1922ರ ನವೆಂಬರಿನಲ್ಲಿ ಪತ್ತೆಹಚ್ಚಿದ ತುತಾಂಖಾಮುನ್ ದೊರೆಯ ಗೋರಿಯಲ್ಲಿ ಬಂಗಾರದ ಮುಖವಾಡದ ಜೊತೆಗೆ ಎರಡು ಪುಟ್ಟ ಶವಪೆಟ್ಟಿಗೆಗಳೂ ಇದ್ದವು. ಅವುಗಳಲ್ಲಿದ್ದದ್ದು ಅವಧಿಗೆ ಮೊದಲೇ ತೀರಿಹೋದ ಎರಡು ಹೆಣ್ಣು ಶಿಶುಗಳು. ದೊರೆಯ ಮಕ್ಕಳೇ ಇರಬೇಕೆಂದು ವಿದ್ವಾಂಸರ ಊಹೆ.

ಸರಿಸುಮಾರು ಅದೇ ಶತಮಾನಗಳಲ್ಲಿ, ಅಂದರೆ ಕ್ರಿ.ಪೂ. 2000ದಿಂದ 1200ರವರೆಗಿನ ಅವಧಿಯಲ್ಲಿ, ಕರ್ನಾಟಕದ ಬಯಲು ಮತ್ತು ಬೆಟ್ಟದಂಚುಗಳಲ್ಲಿ ದನ ಸಾಕುವ, ರಾಗಿ ಜಾತಿಯ ಕಿರುಧಾನ್ಯ ಹಾಗೂ ಹುರುಳಿ ಬೆಳೆಯುವ ಜನ ನೆಲೆಸಿದ್ದರು. ಅವರ ಕೊಡಲಿ ಉಜ್ಜಿ ನಯಗೊಳಿಸಿದ ಕಲ್ಲಿನದು. ಪುರಾತತ್ವಜ್ಞರು ಇದನ್ನು ನವಶಿಲಾಯುಗ ಎನ್ನುತ್ತಾರೆ. ಹೊನ್ನಾಳಿಯ ಉತ್ತರಕ್ಕೆ ತುಂಗಭದ್ರೆಯ ಎಡದಂಡೆಯಲ್ಲಿರುವ ಹಾವೇರಿ ಜಿಲ್ಲೆಯ ಹಳ್ಳೂರು ಅಂಥದೊಂದು ನೆಲೆ. 1965ರ ಸುಮಾರಿಗೆ ಡಾ. ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿದರು. ದುಂಡನೆಯ ಗುಡಿಸಲುಗಳ ನೆಲ, ಕಲ್ಲಿನ ಉಪಕರಣಗಳು, ಪ್ರಾಣಿಗಳ ಎಲುಬುಗಳ ಜೊತೆಗೆ ಮಡಕೆಯಲ್ಲಿ ಹೂತ ಮಕ್ಕಳ ಅವಶೇಷಗಳೂ ದೊರೆತವು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲೂ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಕಂಡದ್ದು ಇದೇ ರೂಢಿ. ದೊಡ್ಡವರನ್ನು ಗುಂಡಿಯಲ್ಲಿ ಉದ್ದಕ್ಕೆ ಮಲಗಿಸುತ್ತಿದ್ದರು. ಕೂಸುಗಳನ್ನು ಮಡಕೆಯಲ್ಲಿಟ್ಟು ವಾಸದ ನೆಲೆಯೊಳಗೇ ಹೂಳುತ್ತಿದ್ದರು.

ನೈಲ್ ದಂಡೆಯವರಿಂದ ತುಂಗಭದ್ರೆಯವರು ಇದನ್ನು ಕಲಿತರು ಎಂದಾಗಲಿ, ಇವರಿಂದ ಅವರು ಕಲಿತರು ಎಂದಾಗಲಿ ಹೇಳಲು ಯಾವ ಆಧಾರವೂ ಇಲ್ಲ. ಕಲಿಯಬೇಕಾದ ಅಗತ್ಯವೂ ಇರಲಿಲ್ಲ. ಕೈಗೂಸನ್ನು ಕಳೆದುಕೊಂಡ ತಾಯಿಗೆ ಅದನ್ನು ದೂರದ ಕಾಡಿನಲ್ಲಿ ಬಿಟ್ಟುಬರಲು ಮನಸ್ಸಾಗದಿರುವುದು ಎರಡೂ ಕಡೆ ಒಂದೇ. ಮಡಕೆಯನ್ನು ಗರ್ಭಕ್ಕೆ ಹೋಲಿಸಿದ್ದರು ಎಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಕೈಗೆ ಸಿಗುವ ವಸ್ತು ಮಡಕೆಯೇ ಆಗಿತ್ತೆಂಬುದೂ ನಿಜ. ಇಂದಿಗೂ ದೊಡ್ಡವರನ್ನು ಸುಡುವ ಎಷ್ಟೋ ಮನೆತನಗಳಲ್ಲಿ ಹಸುಗೂಸು ತೀರಿಕೊಂಡರೆ ಚಿತೆಗೆ ಏರಿಸುವುದಿಲ್ಲ, ಮಣ್ಣಿಗೇ ಕೊಡುತ್ತಾರೆ.

ಕಲ್ಲಿನ ಮನೆ, ದುಂಡನೆಯ ಕಂಡಿ

ಕಬ್ಬಿಣ ಬಂದ ಮೇಲೆ ಕರ್ನಾಟಕದಲ್ಲಿ ಶವಸಂಸ್ಕಾರದ ರೀತಿ ಬದಲಾಯಿತು. ಸತ್ತವರಿಗಾಗಿ ದೊಡ್ಡ ದೊಡ್ಡ ಕಲ್ಲುಗಳ ಗೋರಿ ಕಟ್ಟುವ ಪದ್ಧತಿ ಹರಡಿತು. ಇದನ್ನೇ ಬೃಹತ್ ಶಿಲಾಸಮಾಧಿ ಎನ್ನುವುದು. ಹಳ್ಳಿಯ ಜನ ಇವನ್ನು ಮೋರ್ಯರ ಮನೆ ಎನ್ನುತ್ತಾರೆ, ಕೆಲವೆಡೆ ಪಾಂಡವರ ಮನೆ. ಮೋರ್ಯರೆಂದರೆ ಹಿಂದೊಮ್ಮೆ ಬಾಳಿದ್ದ ಗಿಡ್ಡ ಜನ, ಅದಕ್ಕೇ ಮನೆಗಳೂ ಗಿಡ್ಡ ಎಂಬುದು ಜನಪದರ ವಿವರಣೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಇಂಥ ನೂರಾರು ಕಲ್ಮನೆಗಳು ಊರಿನಂತೆ ನಿಂತಿವೆ. ಬಂಡೆಯ ಪದರವನ್ನು ಅಲ್ಲಿಯೇ ಎಬ್ಬಿಸಿ, ಮೂರು ಕಡೆ ಚಪ್ಪಡಿ ನಿಲ್ಲಿಸಿ, ನಾಲ್ಕನೆಯದಕ್ಕೆ ದುಂಡನೆಯ ಕಂಡಿ ಕೊರೆದು, ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳು. 2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಇಂಥ ಗೋರಿಗಳನ್ನು ಕ್ರಮಬದ್ಧವಾಗಿ ಬಿಡಿಸಿ ನೋಡಿದ್ದು ಬ್ರಹ್ಮಗಿರಿಯಲ್ಲಿ. ಜಗಳೂರಿನ ಈಶಾನ್ಯಕ್ಕೆ, ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ಈ ಬೆಟ್ಟ ಅಶೋಕನ ಶಾಸನದಿಂದ ಹೆಸರಾದದ್ದು. ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದರು. ಭಾರತೀಯ ಪುರಾತತ್ವ ಇಲಾಖೆಯ ಅಂದಿನ ಮಹಾನಿರ್ದೇಶಕ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಇಲ್ಲಿ ಉತ್ಖನನ ನಡೆಸಿದರು.

ಅಲ್ಲಿಯ ಗೋರಿ ನೆಲದೊಳಗಿನದು. ನಾಲ್ಕು ಗ್ರಾನೈಟ್ ಚಪ್ಪಡಿಗಳನ್ನು ಒಂದರ ಅಂಚು ಇನ್ನೊಂದನ್ನು ದಾಟುವಂತೆ, ಸ್ವಸ್ತಿಕದ ಆಕಾರದಲ್ಲಿ ನಿಲ್ಲಿಸಲಾಗಿದೆ. ಹೊರಗಿನ ಮಣ್ಣು ತಳ್ಳಿದಷ್ಟೂ ಚಪ್ಪಡಿಗಳು ಒಂದಕ್ಕೊಂದು ಬಿಗಿಯುತ್ತವೆಯೇ ಹೊರತು ಒಳಕ್ಕೆ ಬೀಳುವುದಿಲ್ಲ. ಗಾರೆಯಿಲ್ಲ, ಕಬ್ಬಿಣದ ಪಟ್ಟಿಯಿಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಸುತ್ತ ಕಲ್ಲಿನ ವೃತ್ತ. ಒಳಗೆ ಸಿಕ್ಕಿದ್ದು ಒಳಬದಿ ಕಪ್ಪು, ಹೊರಬದಿ ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧಗಳು, ಮಣಿಗಳು ಮತ್ತು ಎಲುಬುಗಳು. ಒಂದೇ ಗೋರಿಯಲ್ಲಿ ಹಲವರ ಎಲುಬುಗಳಿದ್ದವು, ಪೂರ್ತಿ ಅಸ್ಥಿಪಂಜರಗಳಿರಲಿಲ್ಲ.

ಅಲ್ಲಿಯೇ ಇನ್ನೊಂದು ಬಗೆಯ ಗುಂಡಿಗಳೂ ಇದ್ದವು. ಸುತ್ತ ಕಲ್ಲಿನ ವೃತ್ತವಿದ್ದರೂ ಒಳಗೆ ಎಲುಬಿಲ್ಲ. ಕೆಲವು ಗುಂಡಿಗಳ ತಳದಲ್ಲಿ ಚಟ್ಟ ಇಡಲು ಎಂಬಂತೆ ನಾಲ್ಕು ಕಲ್ಲುಗಳು. ವ್ಹೀಲರ್ ಒಂದು ಊಹೆ ಮುಂದಿಟ್ಟರು. ಶವವನ್ನು ಮೊದಲು ಈ ಗುಂಡಿಯಲ್ಲಿ ಇಡುತ್ತಿದ್ದಿರಬೇಕು; ಮಾಂಸ ಕಳೆದ ಮೇಲೆ ಆಯ್ದ ಎಲುಬುಗಳನ್ನು ತಂದು ಕಂಡಿಯ ಮೂಲಕ ಕಲ್ಲಿನ ಮನೆಯೊಳಗೆ ಸೇರಿಸುತ್ತಿದ್ದಿರಬೇಕು. ಹಾಗಿದ್ದರೆ ಕಂಡಿ ಎಂಬುದು ಒಂದು ಮನೆತನದ ಬಾಗಿಲು. ಸಾವಾದಾಗಲೆಲ್ಲ ಅದು ತೆರೆಯುತ್ತಿತ್ತು. ಎಡೆ ಇಡಲು ಇದ್ದ ಕಿಂಡಿ ಎನ್ನುವವರೂ ಇದ್ದಾರೆ. ಈಜಿಪ್ಟಿನ ಸುಳ್ಳು ಬಾಗಿಲಿನ ಅರ್ಥ ಅದರ ಮೇಲೇ ಬರೆದಿದೆ. ಬ್ರಹ್ಮಗಿರಿಯ ಕಂಡಿಯ ಅರ್ಥವನ್ನು ಎಲುಬು, ಮಡಕೆ ಇದ್ದ ಜಾಗಗಳನ್ನು ನೋಡಿಯೇ ಊಹಿಸಬೇಕು.

ಬ್ರಹ್ಮಗಿರಿಯಲ್ಲಿದ್ದ ಒಟ್ಟು ಗೋರಿಗಳು ಸುಮಾರು 300. ಹಲವು ತಲೆಮಾರುಗಳ ಊರೊಂದಕ್ಕೆ ಇದು ಕಡಿಮೆಯೇ. ಅಂದರೆ ಇಲ್ಲಿಯೂ ಕಲ್ಲಿನ ಮನೆ ಎಲ್ಲರ ಪಾಲಿಗೆ ಬರಲಿಲ್ಲ ಎಂದು ತೋರುತ್ತದೆ. ಅಷ್ಟು ತೂಕದ ಚಪ್ಪಡಿ ಎಬ್ಬಿಸಲು ಊರಿನ ಹತ್ತಾರು ಆಳುಗಳನ್ನು ಕೂಡಿಸಿ ಊಟ ಹಾಕುವ ಶಕ್ತಿ ಬೇಕು. ಸಾವಿನಲ್ಲೂ ಸಿರಿತನದ ಲೆಕ್ಕ ನಡೆದಿತ್ತು.

ಕಲ್ಲಿಲ್ಲದವರ ನೆನಪು

ಕಲ್ಲು ನಿಲ್ಲಿಸುವ ಈ ಹಂಬಲ ಬೃಹತ್ ಶಿಲಾಯುಗದೊಂದಿಗೆ ಮುಗಿಯಲಿಲ್ಲ. ಹೊನ್ನಾಳಿ, ಶಿಕಾರಿಪುರದ ಸುತ್ತಿನ ಹಳ್ಳಿಗಳಲ್ಲಿ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ಇವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಸತ್ತ ಮೇಲೆ ಎಲ್ಲಿಗೆ ಹೋದ ಎಂಬುದನ್ನು ಈಜಿಪ್ಟಿನವರು ಗೋರಿಯ ಗೋಡೆಯ ಮೇಲೆ ಚಿತ್ರಿಸಿದರು, ಇಲ್ಲಿಯವರು ಊರಿನ ನಡುವೆ ಕಲ್ಲಿನ ಮೇಲೆ. ಲಿಂಗಾಯತರು ಇಂದಿಗೂ ಶವವನ್ನು ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿ ಮಾಡುತ್ತಾರೆ. ಸುಡುವವರು ಅಸ್ಥಿಯನ್ನು ತುಂಗೆ, ಭದ್ರೆ ಕೂಡುವ ಕೂಡಲಿಯಲ್ಲಿ ಬಿಡುತ್ತಾರೆ.

ಸೂರಗೊಂಡನಕೊಪ್ಪದ ವಿಷಯ ಇದಕ್ಕಿಂತ ಭಿನ್ನ. ಇದು ಬಂಜಾರರ ಆರಾಧ್ಯ ಗುರು ಸಂತ ಸೇವಾಲಾಲರು ಹುಟ್ಟಿದ ಊರು. ಬಂಜಾರರು ಇದನ್ನು ಭಾಯಾಗಡ್ ಎಂದೂ ಕರೆಯುತ್ತಾರೆ. ಗುರುಗಳು ಹುಟ್ಟಿದ್ದು 1739ರ ಫೆಬ್ರುವರಿ 15ರಂದು ಎಂಬುದು ಸಮುದಾಯದ ನಂಬಿಕೆ. ಪ್ರತಿ ವರ್ಷ ಆ ದಿನಗಳಲ್ಲಿ ನಡೆಯುವ ಜಾತ್ರೆಗೆ ಮಾಲೆ ಧರಿಸಿದ ಭಕ್ತರು ನಾನಾ ರಾಜ್ಯಗಳಿಂದ ಬರುತ್ತಾರೆ. ಅವರ ಸಮಾಧಿ ಇರುವುದು ಇಲ್ಲಲ್ಲ, ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೋಹರಾದೇವಿಯಲ್ಲಿ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶವನ್ನೇ ಸುತ್ತುತ್ತಿದ್ದ ಜನರ ಗುರು ಹುಟ್ಟಿದ ಊರಿಗೂ ಸಮಾಧಿಗೂ ನೂರಾರು ಕಿಲೋಮೀಟರ್ ಅಂತರವಿರುವುದು ಸಹಜವೇ. ಮದುವೆಯಾದವರನ್ನು ಸುಡುವುದು, ಮದುವೆಯಾಗದವರನ್ನು ಹೂಳುವುದು ಬಂಜಾರರ ರೂಢಿಯೆಂದು ಬ್ರಿಟಿಷರ ಕಾಲದ ದಾಖಲೆಗಳು ಹೇಳುತ್ತವೆ. ದಾರಿಯಲ್ಲೇ ಬದುಕಿದವರು ದಾರಿಯಲ್ಲೇ ಸತ್ತಾಗ ಚಪ್ಪಡಿ ನಿಲ್ಲಿಸಲು ವ್ಯವಧಾನವೆಲ್ಲಿ? ಅಂಥವರ ಹಿರಿಯರು ಹಾಡಿನಲ್ಲಿ, ಜಾತ್ರೆಯಲ್ಲಿ ಉಳಿದರು. ಶವಸಂಸ್ಕಾರದ ಚರಿತ್ರೆ ಬರೆಯುವಾಗ ಗೋರಿ ಇಲ್ಲದವರ ಲೆಕ್ಕವನ್ನೂ ಇಡಬೇಕು.

ಅಗೆದರೆ ಉಳಿಯುವುದೇನು?

ಗೋರಿ ಇದ್ದಲ್ಲಿ ಕಳ್ಳರೂ ಇದ್ದರು. ಕ್ರಿ.ಪೂ. 1100ರ ಸುಮಾರಿಗೆ ಥೀಬ್ಸ್ ನಗರದಲ್ಲಿ ನಡೆದ ಗೋರಿಗಳ್ಳರ ವಿಚಾರಣೆಯ ದಾಖಲೆಗಳು ಪಪೈರಸ್‌ನಲ್ಲಿ ಉಳಿದಿವೆ. ದೊರೆಯೊಬ್ಬನ ಗೋರಿಗೆ ಕನ್ನ ಹಾಕಿ, ಬಂಗಾರ ಬಿಚ್ಚಿಕೊಂಡು, ಪೆಟ್ಟಿಗೆಗಳಿಗೆ ಬೆಂಕಿ ಇಟ್ಟೆವೆಂದು ಕಲ್ಲುಕುಟಿಗನೊಬ್ಬ ಅದರಲ್ಲಿ ಒಪ್ಪಿಕೊಂಡಿದ್ದಾನೆ. ಆದರೂ ಬರಹ ಇದ್ದ ಕಾರಣ ಆ ದೊರೆಯ ಹೆಸರಾದರೂ ಉಳಿಯಿತು.

ಕರ್ನಾಟಕದ ಕಲ್ಲುಗೋರಿಗಳಿಗೆ ಆ ಆಸರೆಯೂ ಇಲ್ಲ. ನಿಧಿಯ ಆಸೆಗೆ ಚಪ್ಪಡಿ ಕಿತ್ತವರು, ಹೊಲ ಹದ ಮಾಡಲು ಕಲ್ವೃತ್ತ ಕೆಡವಿದವರು, ಜಲ್ಲಿಗೆ, ಕಂಬಕ್ಕೆ ಬಂಡೆ ಒಡೆದವರು ಎಲ್ಲ ಕಾಲದಲ್ಲೂ ಇದ್ದಾರೆ. ಹೊತ್ತೊಯ್ಯುವವರಿಗೆ ಸಿಗುವುದು ಹೆಚ್ಚಾಗಿ ತುಕ್ಕು ಹಿಡಿದ ಕಬ್ಬಿಣ, ಒಡೆದ ಮಡಕೆ, ನಾಲ್ಕು ಮಣಿ. ಸಂತೆಯಲ್ಲಿ ಅದಕ್ಕೆ ಕವಡೆ ಕಾಸಿನ ಬೆಲೆಯಿಲ್ಲ. ನಷ್ಟವಾಗುವುದು ಬೇರೆ: ಯಾವ ಮಡಕೆ ಯಾವ ಎಲುಬಿನ ಪಕ್ಕದಲ್ಲಿತ್ತು, ಯಾವ ಪದರದಲ್ಲಿತ್ತು ಎಂಬ ವಿವರ. ಬರಹ ಇಲ್ಲದ ಜನರ ವಿಷಯದಲ್ಲಿ ಆ ಜಾಗವೇ ಅಕ್ಷರ. ಮಡಕೆಯನ್ನು ಎತ್ತಿ ಪಕ್ಕಕ್ಕಿಟ್ಟರೆ ಅಕ್ಷರ ಅಳಿಸಿಹೋಯಿತು ಎಂದೇ ಅರ್ಥ.

ಇದರ ಬೆಲೆ ಎಷ್ಟೆಂಬುದಕ್ಕೆ ಹಳ್ಳೂರೇ ಸಾಕ್ಷಿ. ಬ್ರಹ್ಮಗಿರಿಯ ಗೋರಿಗಳು ಕ್ರಿ.ಪೂ. 200ರ ಆಸುಪಾಸಿನಲ್ಲಿ ಮೊದಲಾದವು ಎಂದು ವ್ಹೀಲರ್ ಅಂದಾಜು ಮಾಡಿದ್ದರು. ಹಳ್ಳೂರಿನಲ್ಲಿ ಕಬ್ಬಿಣದ ವಸ್ತುಗಳು ಸಿಕ್ಕ ಪದರದಲ್ಲೇ ಇದ್ದಿಲಿನ ಚೂರುಗಳೂ ಇದ್ದವು. ಇಂಗಾಲ-14 ವಿಧಾನದಿಂದ ಪರೀಕ್ಷಿಸಿದಾಗ ಅವು ಕ್ರಿ.ಪೂ. 1000ದ ಸುಮಾರಿನವೆಂದು ತಿಳಿದುಬಂತು. ದಕ್ಷಿಣ ಭಾರತದ ಕಬ್ಬಿಣಯುಗ ಒಮ್ಮೆಲೇ ಹಲವು ಶತಮಾನ ಹಿಂದಕ್ಕೆ ಸರಿಯಿತು. ಇಷ್ಟನ್ನು ಸಾಧಿಸಿದ್ದು ಒಂದು ಹಿಡಿ ಇದ್ದಿಲು. ಅದರ ಶಕ್ತಿಯೆಲ್ಲ ಅದು ತನ್ನ ಪದರದಲ್ಲಿ ಕದಲದೆ ಇದ್ದದ್ದರಲ್ಲಿತ್ತು. ಯಾರಾದರೂ ಮೊದಲೇ ಗುದ್ದಲಿ ಹಾಕಿದ್ದರೆ ಅದು ಬರೀ ಕರಿ ಮಣ್ಣಾಗಿ ಹೋಗುತ್ತಿತ್ತು.

ಕಾರ್ಟರ್ ತುತಾಂಖಾಮುನ್ ಗೋರಿಯಿಂದ 5,000ಕ್ಕೂ ಹೆಚ್ಚು ವಸ್ತುಗಳನ್ನು ಹೊರತರಲು ಸುಮಾರು ಹತ್ತು ವರ್ಷ ತೆಗೆದುಕೊಂಡರು. ಪ್ರತಿ ವಸ್ತುವಿಗೂ ಸಂಖ್ಯೆ, ಇದ್ದ ಜಾಗದಲ್ಲೇ ಛಾಯಾಚಿತ್ರ, ಟಿಪ್ಪಣಿ. ಮಕ್ಕಳ ಪ್ರಾಜೆಕ್ಟಿಗೆ ಈಜಿಪ್ಟಿನಿಂದ ತರಬಹುದಾದ ಅತಿ ಒಳ್ಳೆಯ ಪಾಠ ಬಹುಶಃ ಇದೇ. ತಮ್ಮೂರಿನ ಹೊಲದಂಚಿನಲ್ಲಿ ಕಲ್ಲಿನ ವೃತ್ತವಿದ್ದರೆ ಕಲ್ಲುಗಳನ್ನು ಎಣಿಸಬಹುದು, ಹೆಜ್ಜೆಯಲ್ಲಿ ಅಳೆಯಬಹುದು, ಕಂಡಿ ಯಾವ ದಿಕ್ಕಿಗಿದೆ ಎಂದು ನೋಡಬಹುದು, ನಕ್ಷೆ ಬರೆಯಬಹುದು, ಊರಿನ ಅಜ್ಜಿ ಅದನ್ನು ಏನೆಂದು ಕರೆಯುತ್ತಾಳೆ ಎಂದು ಕೇಳಿ ಗುರುತು ಮಾಡಿಕೊಳ್ಳಬಹುದು. ಅಗೆಯುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಬಹುದು. ಮಡಕೆ, ಎಲುಬು ಮೇಲೆದ್ದು ಕಂಡರೆ ಮುಟ್ಟದೆ ಮೇಷ್ಟರ ಮೂಲಕ ಪುರಾತತ್ವ ಇಲಾಖೆಗೆ ತಿಳಿಸಬಹುದು.

ಅಷ್ಟು ಮಾಡಿದರೆ ಹೆಸರಿಲ್ಲದ ಆ ಮನೆತನಗಳ ಬಗ್ಗೆ ಒಂದು ಹಾಳೆಯಷ್ಟಾದರೂ ಬರಹ ಹುಟ್ಟುತ್ತದೆ. ಮೂರು ಸಾವಿರ ವರ್ಷ ಅವರಿಗೆ ಸಿಗದೇ ಇದ್ದದ್ದು ಅದೊಂದೇ.